ಮನೆಗೊಂದು ದೋಣಿ ಬಂದ್ರೆ

ತಂಗಿ ಮನೆಯವರು ಬರುವ ಮಾರ್ಚಿಗೆ ದುಬೈ ಕೆಲಸ ಬಿಟ್ಟು ಊರಿಗೆ ಬತ್ರಂಬ್ರ್. ಬಂದ ಕೂಡ್ಲೆ ಮೊದಲ ಕೆಲಸ ಒಂದು ದೋಣಿ ತಕಂಬುದಂತೆ. ವ್ಯಾಪಾರಕ್ಕಲ್ಲ, ಬರೀ ಆಸೆಗೆ. ಆದಿತ್ಯವಾರ ಗಾಳ ಹಾಕುಕೆ. "ಅಕ್ಕ, ನಿಮ್ಮನ್ಯಗೆ ಏಳ್ ವರ್ಷದಿಂದ ಇತ್ತಲೆ. ನಾ ಹೂಂ ಅಂಬ್ದಾ, ಬ್ಯಾಡ ಅಂಬ್ದಾ?" ಅಂತ ಫೋನಲ್ಲಿ ಕೇಳಿದಳು. ಇದೇ ಪ್ರಶ್ನೆಯನ್ನು ಹೋದ ವರ್ಷ ಅತ್ತಿಗೆ ಕೇಳಿದ್ದರು, ಅದರ ಹಿಂದಿನ ವರ್ಷ ಆಚೆಮನೆ ಸೊಸೆ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಟ್ಟು ಸಾಕಾಯ್ತು. ಹಾಗಾಗಿ ಈ ಸಲ ಪೂರ್ತಿ ಬರೆದಿದ್ದೇನೆ. ಚಾ ಹಿಡ್ಕಂಡ್ ಕೂಕಣಿ, ಸ್ವಲ್ಪ ಉದ್ದ ಇದೆ.

ನಮ್ಮನೆ ಇರುವುದು ಕುಂದಾಪುರದ ಹೊಳೆ ಬದಿಯಲ್ಲಿ ಅಂತ ನಿಮಗೆಲ್ಲ ಗೊತ್ತೇ ಇದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ, ಐದೂ ಹೊಳೆ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಬೀಳುವ ಜಾಗ. ಹಿತ್ತಲ ಬಾಗಿಲು ತೆಗೆದರೆ ನೀರು ಕಾಣ್ತದೆ. ನಮ್ಮವರು 2018ರಲ್ಲಿ ಬ್ಯಾಂಕಿನಿಂದ ನಿವೃತ್ತಿ ಆದರು. ಮೊದಲ ಮೂರು ತಿಂಗಳು ಟಿವಿ ಮುಂದೆ ಕೂತರು. ಎಲ್ಲ ಚಾನೆಲ್ಲಿನ ಎಲ್ಲ ಚರ್ಚೆ ನೋಡಿ ಬಿಪಿ ಏರಿಸಿಕೊಂಡರು. ನಾನು ಒಗ್ಗರಣೆಗೆ ಎಷ್ಟು ಸಾಸಿವೆ ಹಾಕ್ತೇನೆ ಅಂತ ಲೆಕ್ಕ ಕೇಳುವಷ್ಟು ಬಿಡುವಾಯ್ತು ಅವರಿಗೆ. ನಾಲ್ಕನೇ ತಿಂಗಳು ಒಂದು ದೋಣಿ ಬಂತು. ಹದಿನೆಂಟು ಅಡಿ, ಫೈಬರಿನದ್ದು, ಹಿಂದೆ 9.9 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಇಂಜಿನ್. ಇವರ ಅಜ್ಜಯ್ಯ, ಅಪ್ಪಯ್ಯ ಇಬ್ಬರೂ ಕಡಲಿಗೆ ಹೋದವರು. ಇವರೊಬ್ಬರು ಓದಿ ಕುರ್ಚಿ ಮೇಲೆ ಕೂತವರು. ಮೂವತ್ತಾರು ವರ್ಷ ಕೂತಲ್ಲೇ ಆ ಆಸೆ ಹಾಗೇ ಇತ್ತು ಅಂತ ಕಾಣ್ತದೆ.

ನನ್ನ ಅಬ್ಬಿಗೆ ವಿಷಯ ಹೇಳಿದಾಗ ಅವಳು ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಹೇಳಿದ್ದು ಇಷ್ಟೇ. "ಹೊಟ್ಟೆಪಾಡಿಗೆ ಕಡ್ಲಿಗೆ ಹೋಪುದ್ ಕಂಡಿದ್ದೆ. ಹೊಟ್ಟೆ ತುಂಬಿದ ಮೇಲ್ ಹೋಪುದ್ ಕಾಂಬುದ್ ಇದೇ ಮೊದ್ಲ್."

ಈಗ ತಂಗಿಯ ಪ್ರಶ್ನೆಗೆ ಬರುವ. ಮೊದಲು ದುಡ್ಡು.

ದೋಣಿ ತೆಗೆದುಕೊಳ್ಳುವಾಗ ಕೊಡುವ ದುಡ್ಡು ದೊಡ್ಡದಲ್ಲ ಮಾರಾಯ್ತಿ, ಅದು ಒಂದೇ ಸಲ. ಮನೆಗೆ ಬಂದ ಮೇಲೆ ಅದು ತಿನ್ನುತ್ತಲೇ ಇರುತ್ತದೆ, ಹಾಲು ಕೊಡದ ದನ ಸಾಕಿದ ಹಾಗೆ. ಹೋದ ವರ್ಷದ ನನ್ನ ಲೆಕ್ಕದ ಪುಸ್ತಕ ನೋಡಿ ಹೇಳ್ತೇನೆ. ಪೆಟ್ರೋಲು, ಎಣ್ಣೆಗೆ ಹದಿನಾರು ಸಾವಿರ. ಇಂಜಿನ್ ಸರ್ವಿಸು, ಬಿಡಿಭಾಗಕ್ಕೆ ಏಳು ಸಾವಿರ. ಪೈಂಟು, ರೆಸಿನ್‌ಗೆ ಆರು ಸಾವಿರ. ಮಳೆಗಾಲಕ್ಕೆ ಮೇಲೆ ಎಳೆಯುವ, ಮತ್ತೆ ಇಳಿಸುವ ಆಳುಗಳಿಗೆ, ಅವರ ಊಟ ಚಾ ಸೇರಿ, ಐದು ಸಾವಿರ. ಗಾಳ, ನೂಲು, ಹಗ್ಗ, ಮೀನಿಗೆ ಹಾಕುವ ಎರೆ ನಾಲ್ಕು ಸಾವಿರ. ಒಟ್ಟು ಮೂವತ್ತೆಂಟು ಸಾವಿರ. ಇಡೀ ವರ್ಷ ಮನೆಗೆ ಬಂದ ಮೀನು ಮೂವತ್ತು ಕಿಲೋ ಆದೀತು. ಭಾಗಿಸಿ ಕಾಣಿ, ಕಿಲೋಗೆ ಸಾವಿರದ ಇನ್ನೂರರ ಮೇಲಾಯ್ತು. ಕಾಣೆ ಮೀನು ಪೇಟೆಯಲ್ಲಿ ಅದರ ಅರ್ಧಕ್ಕೆ ಸಿಗ್ತದೆ, ಹೆಂಗಸು ಕತ್ತರಿಸಿ ಬೇರೆ ಕೊಡ್ತಾಳೆ. ಈ ಲೆಕ್ಕವನ್ನು ನಾನು ಇವರಿಗೆ ಒಂದೇ ಸಲ ತೋರಿಸಿದ್ದು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಕೂಡಿಸಿದ್ ಸರಿ ಇತ್ತ್" ಅಂದರು. ಬ್ಯಾಂಕಿನವರು!

ಹಾಗಾಗಿ ಮೀನು ಸಸಾರಕ್ಕೆ ಸಿಗ್ತದೆ ಅಂತ ಯಾರಾದ್ರೂ ನಿಮ್ಮನ್ನು ಒಪ್ಪಿಸಲಿಕ್ಕೆ ಬಂದರೆ ನಂಬಬೇಡಿ. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ಮನೆಯಿಂದ ಹೋಗ್ತದೆ, ಅದು ನಮ್ಮ ಸಂಸಾರಕ್ಕೆ ತಡೆಯುತ್ತದಾ ಅಂತ ಮಾತ್ರ ನೋಡಿ. ತಡೆಯುತ್ತದೆ ಅಂದ್ರೆ ಅಡ್ಡಿಲ್ಲ.

ಎರಡನೇದು ನೀರು. ಇದನ್ನು ದೋಣಿ ಮಾರುವವರು ಯಾರೂ ಹೇಳುವುದಿಲ್ಲ. ಈ ಇಂಜಿನ್ ತಂಪಾಗುವುದು ಹೊಳೆಯ ಉಪ್ಪುನೀರನ್ನೇ ಎಳೆದುಕೊಂಡು. ಒಳಗೊಂದು ರಬ್ಬರಿನ ಚಕ್ರ ಇದೆ, ಇಂಪೆಲ್ಲರ್ ಅಂತ ಹೆಸರು. ಅದು ತಿರುಗಿ ನೀರು ಮೇಲೆ ಎತ್ತುತ್ತದೆ, ಆ ನೀರು ಇಂಜಿನ್ ಸುತ್ತಿ ಬಂದು ಬದಿಯಲ್ಲಿ ಒಂದು ಸಣ್ಣ ತೂತಿನಿಂದ ಸುರ್ರ್ ಅಂತ ಹಾರ್ತದೆ. ಮೊಮ್ಮಗ ಅದಕ್ಕೆ "ಇಂಜಿನ್ ಉಚ್ಚಿ ಹೊಯ್ತಾ ಇತ್ತ್" ಅಂತ ಹೇಳಿದ್ದು ಈಗ ಇಡೀ ಮನೆಯ ಮಾತಾಗಿದೆ. ಅದು ಹಾರುತ್ತಾ ಇದ್ದರೆ ಕ್ಷೇಮ. ನಿಂತರೆ ಇಂಜಿನ್ ಕಾದು ಕೆಟ್ಟುಹೋಗ್ತದೆ. ಮನೆಗೆ ಬಂದ ಮೇಲೆ ಒಳಗಿನ ಉಪ್ಪು ತೊಳೆಯದಿದ್ದರೆ ಅದು ಅಲ್ಲೇ ಹರಳಾಗಿ ಕೂತು ನೀರಿನ ದಾರಿ ಕಟ್ತದೆ. ಅದಕ್ಕೇ ಪ್ರತಿ ಸಲ ಬಂದ ಕೂಡ್ಲೆ ನೀಲಿ ಡ್ರಮ್ಮಿಗೆ ಸಿಹಿನೀರು ತುಂಬಿ, ಇಂಜಿನ್ನಿನ ಬುಡ ಅದರೊಳಗೆ ಇಳಿಸಿ, ಹತ್ತು ನಿಮಿಷ ಚಾಲೂ ಇಡಬೇಕು.

ಸಿಹಿನೀರು! ನಮ್ಮ ಬದಿಯ ಬಾವಿಗಳ ಕಥೆ ನಿಮಗೆ ಹೇಳಬೇಕಾ? ಏಪ್ರಿಲ್ ನಡುವಿಗೆ ಹೊಳೆಯ ಉಪ್ಪು ಬಾವಿಗೆ ಬಂದಾಯ್ತು. ಅನ್ನ ಬೇಯಿಸಲಿಕ್ಕೆ ಪಂಚಾಯತಿ ನೀರು, ಅದೂ ದಿನ ಬಿಟ್ಟು ದಿನ. ಅಂಥ ಹೊತ್ತಲ್ಲಿ ಒಂದು ಡ್ರಮ್ಮು ಸಿಹಿನೀರು ಇಂಜಿನ್ನಿಗೆ ಅಂದರೆ ನಾನು ಸುಮ್ಮನೆ ಬಿಡ್ತೇನಾ? ಎರಡನೇ ವರ್ಷವೇ ತೀರ್ಮಾನ ಆಯ್ತು. ಬಾವಿ ಉಪ್ಪಾದ ದಿನದಿಂದ ದೋಣಿ ದಡಕ್ಕೆ. ಅಷ್ಟು ದಿನ ಅವರಿಗೆ ನಷ್ಟ, ನನಗೆ ಎರಡು ಕೊಡಪಾನ ಲಾಭ. ತೊಳೆದ ಡ್ರಮ್ಮಿನ ನೀರಲ್ಲಿ ಎಣ್ಣೆ ಇರ್ತದೆ, ಅದನ್ನು ಬಸಳೆ ಬುಡಕ್ಕೆ ಹೊಯ್ಯಬೇಡಿ. ಸತ್ತೇಹೋಗ್ತದೆ.

ಇನ್ನು ಇಂಜಿನ್. ಗಂಡಸರ ಸಾಮಾನು, ನಮಗೆಂತಕ್ಕೆ ಅಂತ ಬಿಡಬೇಡಿ. ಮಿಕ್ಸಿ, ಗ್ರೈಂಡರ್ ಸಂಭಾಳಿಸುವವರಿಗೆ ಇದೇನೂ ದೊಡ್ಡದಲ್ಲ. ನಮ್ಮದು ಟೂ ಸ್ಟ್ರೋಕ್, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಐವತ್ತಕ್ಕೆ ಒಂದು. ಅಂದ್ರೆ ಐದು ಲೀಟರ್ ಪೆಟ್ರೋಲಿಗೆ ನೂರು ಎಂಎಲ್ ಎಣ್ಣೆ. ಇವರು ಅಂದಾಜಿಗೆ ಸುರಿಯುತ್ತಿದ್ದರು. ಎಣ್ಣೆ ಕಡಿಮೆ ಆದರೆ ಒಳಗೆ ಸವೆಯುತ್ತದೆ, ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ. ಮೊಮ್ಮಗನ ಹಳೆ ಹಾಲಿನ ಬಾಟ್ಲಿಯಲ್ಲಿ ಎಂಎಲ್ ಗೆರೆ ಇತ್ತು, ಅದನ್ನೇ ಕೊಟ್ಟೆ. ಸುತ್ತ ಕೆಂಪು ಪೈಂಟು ಬಳಿದು, ಇದು ಇನ್ನು ಯಾವ ಕಾಲಕ್ಕೂ ಅಡುಗೆಮನೆ ಹೊಸ್ತಿಲು ದಾಟಬಾರದು ಅಂತ ಹೇಳಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ನೀರಿನ ಪಸೆಯನ್ನು ಎಳೆದುಕೊಳ್ತದೆ. ತಿಂಗಳುಗಟ್ಟಲೆ ಕ್ಯಾನಲ್ಲಿ ಇಟ್ಟರೆ ಹಾಳು. ಬೇಕಾದಷ್ಟೇ ತಂದು ಬೇಗ ಖಾಲಿ ಮಾಡಬೇಕು. ಕ್ಯಾನು ಮನೆಯೊಳಗೆ ಬೇಡವೇ ಬೇಡ. ನಮ್ಮದು ಹಳೇ ಹಟ್ಟಿಯಲ್ಲಿ, ಒಲೆಗೂ ದೇವರ ದೀಪಕ್ಕೂ ದೂರ.

ಇಂಜಿನ್ನಿನ ಬುಡಕ್ಕೆ ಒಂದು ಸತುವಿನ ತುಂಡು ಕಟ್ಟಿರ್ತಾರೆ. ಉಪ್ಪುನೀರು ಲೋಹ ತಿನ್ನುತ್ತದಲ್ಲ, ಇಂಜಿನ್ನಿನ ಮೈ ತಿನ್ನುವ ಬದಲು ಮೊದಲು ಈ ತುಂಡನ್ನು ತಿನ್ನಲಿ ಅಂತ. ಇದು ಸವೆದಷ್ಟೂ ಇಂಜಿನ್ ಉಳೀತದೆ. ಮೆಕ್ಯಾನಿಕ್ ಹುಡುಗ ಇದನ್ನು ನನಗೆ ವಿವರಿಸುವಾಗ ನಗು ತಡೆಯಲಾಗಲಿಲ್ಲ. "ಎಂತಕ್ಕೆ ನೆಗಾಡ್ತ್ರಿ ಅಮ್ಮ?" ಅಂತ ಕೇಳಿದ. ಪ್ರತಿ ಮನೆಯಲ್ಲೂ ಅಂಥದ್ದೊಂದು ತುಂಡು ಇರ್ತದೆ, ಅದು ಯಾರು ಅಂತ ನಿಮಗೆ ನಾನು ಹೇಳಬೇಕಾ? ಆದರೆ ಅವನು ಹೇಳಿದ ಮುಂದಿನ ಮಾತು ನನಗೆ ಹಿಡಿಸಿತು. ಅರ್ಧ ಸವೆದಾಗಲೇ ಬದಲಿಸಬೇಕಂತೆ, ಪೂರ್ತಿ ಮುಗಿಯುವವರೆಗೆ ಕಾಯಬಾರದಂತೆ.

ಫ್ರಿಜ್ಜಿನ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ಗಾಳಕ್ಕೆ ಸಿಕ್ಕಿಸಲಿಕ್ಕೆ ಚಟ್ಲಿ ಬೇಕು. ನಾವು ಮಕ್ಕಳು ಬಂದಾಗ ಲೆಕ್ಕ ಹಾಕಿ ತರುವ ಚಟ್ಲಿಯನ್ನು ಇವರು ಮೀನಿಗೆ ತಿನ್ನಿಸ್ತಾರೆ. ಹೋಗಲಿ ಅಂದರೆ, ಉಳಿದದ್ದನ್ನು ಹಾಳೆಯಲ್ಲಿ ಸುತ್ತಿ ಫ್ರೀಜರಿನಲ್ಲಿ ಮೊಮ್ಮಗನ ಐಸ್‌ಕ್ರೀಮಿನ ಪಕ್ಕ ತುರುಕಿದ್ದರು! ಈಗ ಹಟ್ಟಿಯಲ್ಲಿ ಒಂದು ಥರ್ಮಾಕೋಲ್ ಪೆಟ್ಟಿಗೆ ಇದೆ, ಹೊರಗಿನ ಮಂಜುಗಡ್ಡೆ, ಅವರದ್ದೇ ಸಂಸಾರ. ಗಾಳದ ಮುಳ್ಳುಗಳು ಮುಚ್ಚಳ ಇರುವ ಬಿಸ್ಕೆಟ್ ಡಬ್ಬಿಯಲ್ಲಿ, ಪುಟ್ಟ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಆ ಮುಳ್ಳಿಗೆ ಹಿಂದುಮುಖದ ಕೊಕ್ಕೆ ಇರ್ತದೆ, ಕಾಲಿಗೆ ಹೊಕ್ಕರೆ ಎಳೆದು ತೆಗೀಲಿಕ್ಕೆ ಹೋಗಬಾರದು, ಡಾಕ್ಟರ ಹತ್ರವೇ ಹೋಗಬೇಕು.

ದೋಣಿಯ ಮೈಯನ್ನೂ ನೋಡಿಕೊಳ್ಳಬೇಕು. ಫೈಬರ್ ಅಂದ್ರೆ ಗೆದ್ದಲಿಲ್ಲ, ಕೊಳೆಯುವುದಿಲ್ಲ, ಮರದ ದೋಣಿಗಿಂತ ಸುಖ ನಿಜ. ಆದರೆ ನೀರಲ್ಲೇ ಎರಡು ಮೂರು ವಾರ ಬಿಟ್ಟರೆ ತಳಕ್ಕೆ ಸಣ್ಣ ಸಣ್ಣ ಚಿಪ್ಪು ಹತ್ತಿ ಕಲ್ಲಿನ ಹಾಗೆ ಗಟ್ಟಿಯಾಗ್ತದೆ. ತಳ ಒರಟಾದರೆ ಓಟ ಕಡಿಮೆ, ಪೆಟ್ರೋಲು ಜಾಸ್ತಿ. ಕೆರೆದು ತೆಗೀಬೇಕು. ಕಲ್ಲುಕಟ್ಟೆಗೆ ತಾಗಿ ತಾಗಿ ಮೇಲಿನ ನುಣುಪು ಪದರ ಬಿರಿದರೆ ಅಲ್ಲಿಂದ ನೀರು ಒಳಗೆ ಇಳೀತದೆ. ಬದಿಗೆ ಹಳೇ ಟಯರ್ ಕಟ್ಟಿ. ಬಿರುಕು ಕಂಡ ಕೂಡ್ಲೆ ಒಣಗಿಸಿ, ಉಜ್ಜಿ, ಫೈಬರ್ ಮ್ಯಾಟಿಗೆ ರೆಸಿನ್ ಹಚ್ಚಿ ಮುಚ್ಚಿಸಿ. ಸೀರೆ ಹರಿದಾಗ ಒಂದು ಹೊಲಿಗೆ ಬೇಗ ಹಾಕಿದರೆ ಉಳಿಯುತ್ತದಲ್ಲ, ಹಾಗೇ.

ಮಳೆಗಾಲಕ್ಕೆ ಅದೊಂದು ಬಾಣಂತನ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚೆದ್ದ ಕಾಲ. ಹತ್ತು ಎಚ್‌ಪಿಗಿಂತ ಕಡಿಮೆ ಇಂಜಿನ್ನಿನ ನಾಡದೋಣಿಗೆ ವಿನಾಯಿತಿ ಇದೆ ಅಂತ ಇವರು ಮೊದಲ ವರ್ಷ ಕಾನೂನು ಹೇಳಿದರು. ಅದು ಹೊಟ್ಟೆಪಾಡಿನವರಿಗೆ ಇರುವ ವಿನಾಯಿತಿ, ಶೋಕಿಯವರಿಗೆ ಮನೆ ಕಾನೂನು ಬೇರೆ ಅಂತ ನಾನು ಹೇಳಿದೆ. ಮೇ ಕೊನೆಗೆ ಎಂಟು ಜನ ಸೇರಿ ತೆಂಗಿನ ಕೊರಡಿನ ಮೇಲೆ ದೋಣಿ ಉರುಳಿಸಿ ಮೇಲೆ ತಂದು, ಕವುಚಿ ಹಾಕ್ತಾರೆ. ಇಂಜಿನ್ನಿನೊಳಗೆ ಪೆಟ್ರೋಲು ಉಳಿಯದ ಹಾಗೆ ಪೈಪು ಕಳಚಿ, ತಾನಾಗಿ ಆರುವವರೆಗೆ ಓಡಿಸಬೇಕು. ಗೇರ್ ಎಣ್ಣೆ ಬಿಚ್ಚಿ ನೋಡಬೇಕು. ಅದು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ, ಸೀಲ್ ಬದಲಿಸಬೇಕು ಅಂತ ಅರ್ಥ. ಆಮೇಲೆ ಇಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಹಳೇ ಬೆಡ್‌ಶೀಟು ಹೊದಿಸಿ ಇಡುವುದು. ನೂಲ ಹುಣ್ಣಿಮೆಗೆ ಊರವರೆಲ್ಲ ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಸಮುದ್ರಪೂಜೆ ಮಾಡಿದ ಮೇಲೆ ನಮ್ಮ ದೋಣಿಗೂ ಒಂದು ಹೂ ಬೀಳ್ತದೆ. ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಕಾಗದಪತ್ರದ ಬಗ್ಗೆ ಒಂದು ಮಾತು. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ಕಾನೂನು ಅಂತ ಇದೆ. 2008ರಲ್ಲಿ ಮುಂಬೈಗೆ ಕಡಲ ದಾರಿಯಿಂದ ಬಂದು ದಾಳಿ ಮಾಡಿದ ಮೇಲಂತೂ ಕರಾವಳಿಯಲ್ಲಿ ದೋಣಿಗಳ ಮೇಲೆ ಕಣ್ಣು ಜಾಸ್ತಿ. ಶೋಕಿ ದೋಣಿ ಅಂತ ಸುಮ್ಮನಿರಬೇಡಿ, ಕೊಳ್ಳುವ ಮುಂಚೆಯೇ ಮೀನುಗಾರಿಕೆ ಇಲಾಖೆಗೆ ಹೋಗಿ ಏನೇನು ಬೇಕು ಅಂತ ಕೇಳಿ. ಹಳೇ ದೋಣಿಯಾದರೆ ಮಾರುವವರ ಹೆಸರಲ್ಲೇ ಕಾಗದ ಇದೆಯಾ ನೋಡಿ.

ಇಷ್ಟು ಹೇಳಿದ್ದು ದುಡ್ಡು, ಕೆಲಸದ ವಿಷಯ. ಇನ್ನು ಹೇಳುವುದು ನಿಜವಾದ ಮಾತು, ತಂಗಿ, ಇದನ್ನು ಸರಿಯಾಗಿ ಓದು.

ನಮ್ಮಲ್ಲಿ ಹೊರಟವರನ್ನು "ಎಲ್ಲಿಗೆ" ಅಂತ ಕೇಳಬಾರದು ಅಂತ ಇದೆ ಅಲ್ದಾ? ಅಪಶಕುನ. ಕೇಳಲೇಬೇಕಾದರೆ "ದೂರ ಹೊರಟದ್ದಾ?" ಅಂತ ಕೇಳುವುದು. ಕಡಲಿಗೆ ಹೊರಟವರನ್ನಂತೂ ಕೇಳುವ ಹಾಗೇ ಇರಲಿಲ್ಲ. ಅಪ್ಪಯ್ಯ ರಂಪಣಿ ಬಲೆಯ ಕಾಲದವರು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟು ಬಂದು ರಂಪಣಿ ನಿಂತ ಮೇಲೆ ಅವರೂ ಚಿಕ್ಕಪ್ಪಯ್ಯನೂ ಸಣ್ಣ ದೋಣಿಯಲ್ಲಿ ಬಲೆಗೆ ಹೋಗುತ್ತಿದ್ದರು. ಅವರು ಹೊರಡುವ ಹೊತ್ತಿಗೆ ಅಬ್ಬಿ ಎದುರು ಬರುತ್ತಿರಲಿಲ್ಲ, ಒಳಗೇ ನಿಲ್ಲುತ್ತಿದ್ದಳು. ಬೆಳಿಗ್ಗೆ ಬುಟ್ಟಿ ಹೊತ್ತುಕೊಂಡು ದಡಕ್ಕೆ ಹೋಗಿ ನಿಂತರೆ, ಬಂದರೆ ಬಂದರು. ಒಂದು ಆಗಸ್ಟಿನಲ್ಲಿ ಅಪ್ಪಯ್ಯನಿಗೆ ಜ್ವರ, ಚಿಕ್ಕಪ್ಪಯ್ಯ ಇನ್ನೊಬ್ಬರ ಜೊತೆ ಹೋದರು. ಬರಲಿಲ್ಲ. ಹುಡುಕಲಿಕ್ಕೆ ಹತ್ತು ದೋಣಿ ತಯಾರಾಗಿ ನಿಂತಿತ್ತು. ಬಡಗಿಗೆ ಹೋಗುವುದಾ, ತೆಂಕಿಗೆ ಹೋಗುವುದಾ ಯಾರಿಗೂ ಗೊತ್ತಿಲ್ಲ. ಚಿಕ್ಕಮ್ಮನನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ, ಕೇಳುವ ಕ್ರಮ ಇಲ್ಲ ಅಲ್ದಾ? ಐದು ದೋಣಿ ಆಚೆ, ಐದು ದೋಣಿ ಈಚೆ ಹೋಗಿ ಖಾಲಿ ವಾಪಸು ಬಂದವು. ನನಗೆ ಆಗ ಹನ್ನೊಂದು ವರ್ಷ. ಚಿಕ್ಕಮ್ಮ ಬಾಯಿಬಿಟ್ಟು ಅತ್ತದ್ದಕ್ಕಿಂತ, "ಒಂದ್ ಮಾತ್ ಕೇಂಡಿದ್ರೆ" ಅಂತ ಗೋಡೆಗೆ ಹೇಳಿಕೊಳ್ಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ಹಾಗಾಗಿ ದೋಣಿ ಮನೆಗೆ ಬಂದ ದಿನವೇ ನಾನು ಒಂದು ಕ್ರಮ ಮಾಡಿದೆ. ದೋಣಿಯ ತಳದಲ್ಲಿ ಒಂದು ತೂತು ಇರ್ತದೆ, ಮೇಲೆ ಎಳೆದಾಗ ಒಳಗಿನ ನೀರು ಹೋಗಲಿ ಅಂತ. ಅದಕ್ಕೊಂದು ಬೂಚು. ಬೂಚು ಹಾಕದೆ ನೀರಿಗೆ ಇಳಿಸಿದರೆ ದೋಣಿಗೆ ನೀರು ತುಂಬ್ತದೆ. ಆ ಬೂಚು ನಮ್ಮನೆಯಲ್ಲಿ ಅಡುಗೆಮನೆ ಬಾಗಿಲ ಮೊಳೆಯಲ್ಲಿ, ಬೀಗದ ಕೈ ಗೊಂಚಲಿನ ಪಕ್ಕ ನೇತಾಡ್ತದೆ. ಅದರ ಕೆಳಗೆ ಒಂದು ಹಾಳೆ. ಎಲ್ಲಿಗೆ, ಯಾವ ಬದಿ, ಯಾರ ಜೊತೆ, ಎಷ್ಟು ಗಂಟೆಗೆ ವಾಪಸು. ಇದನ್ನು ಬರೆದು, ಲೈಫ್ ಜಾಕೆಟ್ ಹಾಕಿಕೊಂಡು ನನಗೆ ತೋರಿಸಿದರೆ ಬೂಚು ಕೊಡ್ತೇನೆ. ಇಲ್ಲದಿದ್ದರೆ ಇಲ್ಲ. ಹಾಳೆಯ ಮೇಲೆ ಕೆಂಪು ಅಕ್ಷರದಲ್ಲಿ ಎರಡು ನಂಬರು. ಕೋಸ್ಟ್ ಗಾರ್ಡಿನದ್ದು 1554, ಕರಾವಳಿ ಕಾವಲು ಪೊಲೀಸಿನದ್ದು 1093. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆಯವರು ಅಲೆ ಎತ್ತರದ ಮುನ್ಸೂಚನೆ ಕೊಡ್ತಾರೆ. ಹಿಂದಿನ ರಾತ್ರಿ ಅದನ್ನು ನಾನೇ ಫೋನಲ್ಲಿ ನೋಡ್ತೇನೆ.

ಬರೆದುಕೊಟ್ಟದ್ದನ್ನು ಓದಿ ಅರ್ಥ ಆಗಬೇಕಲ್ಲ, ಅದಕ್ಕೆ ಭರತ ಇಳಿತವನ್ನೂ ಕಲಿತೆ. ಆರು ಗಂಟೆ ಏರ್ತದೆ, ಆರು ಗಂಟೆ ಇಳೀತದೆ, ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಹಿಂದೆ ಸರೀತದೆ. ಹುಣ್ಣಿಮೆ ಅಮಾವಾಸ್ಯೆಗೆ ಸೆಳೆತ ಜಾಸ್ತಿ. ಅಳಿವೆ ಬಾಯಿ ಅತಿ ಕೆಟ್ಟದಾಗುವುದು ಇಳಿತದ ಹೊತ್ತಿಗೆ. ಹೊಳೆಯ ನೀರು ಹೊರಗೆ ನುಗ್ತದೆ, ಕಡಲ ಅಲೆ ಒಳಗೆ ನುಗ್ತದೆ, ಎರಡೂ ಢಿಕ್ಕಿಯಾಗಿ ಅಲೆ ಗೋಡೆಯ ಹಾಗೆ ಏಳ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಇನ್ನೂ ಕಷ್ಟ. ಅದಕ್ಕೇ ನಮ್ಮನೆಯ ಎರಡನೇ ಕಾನೂನು, ಇಳಿತದಲ್ಲಿ ಅಳಿವೆ ದಾಟುವ ಹಾಗಿಲ್ಲ. ಹೊಳೆಯೊಳಗೆ ಬೇಕಾದಷ್ಟು ಮೀನಿದೆ.

2022ರ ಫೆಬ್ರವರಿಯ ಒಂದು ಆದಿತ್ಯವಾರ. ಹಾಳೆಯಲ್ಲಿ ಬರೆದದ್ದು "ಕೋಡಿ ಬದಿ, ಹೊಳೆ ಒಳಗೆ, ಒಬ್ಬನೇ, 10.30ಕ್ಕೆ ವಾಪಸು." ಹನ್ನೊಂದಾಯ್ತು, ಇಲ್ಲ. ಫೋನು ಹಚ್ಚಿದರೆ ರಿಂಗ್ ಆಗಿ ಕಡಿದುಹೋಗ್ತದೆ. ನಾನು ಗೋಡೆಯ ಹಾಳೆ ನೋಡಿದೆ, ಭರತದ ಪಟ್ಟಿ ನೋಡಿದೆ. ಎಂಟೂವರೆಗೆ ಇಳಿತ ಸುರು, ಎರಡೂವರೆವರೆಗೆ ಇಳೀತದೆ. ಅಂದ್ರೆ ಇಂಜಿನ್ ನಿಂತಿದ್ದರೆ ದೋಣಿ ಪಡುವಣಕ್ಕೆ, ಅಳಿವೆ ಬದಿಗೇ ಜಾರ್ತಾ ಇರಬೇಕು. ಗಂಗೊಳ್ಳಿ ಬಂದರಿನಲ್ಲಿ ಅಣ್ಣನ ಮಗ ಇದ್ದ. ಅವನಿಗೆ ಫೋನು ಮಾಡಿ, "ಮಗಾ, ಮಾವ ಬರ್ಲಿಲ್ಲ. ಕೋಡಿ ಬದಿಯಿಂದ ಅಳಿವಿ ಕಡಿಗೆ ಕಾಣ್ತಾ ಹೋಗ್. ಮೇಲ್ ಹೊಳಿಗೆ ಹೋಯ್ಬೇಡ" ಅಂದೆ. "ಅತ್ತಿ, ನಿಮ್ಗ್ ಹ್ಯಾಂಗ್ ಗೊತ್ತ್?" ಅಂತ ಕೇಳಿದ. "ಇಳ್ತ ಮಗಾ" ಅಂದೆ. ಅರ್ಧ ಗಂಟೆಯಲ್ಲಿ ಅವನಿಂದ ಸುದ್ದಿ ಬರದಿದ್ದರೆ 1093ಕ್ಕೆ ಹಚ್ಚುವುದು ಅಂತ ಗಡಿಯಾರದ ಎದುರು ಕೂತೆ. ಇಪ್ಪತ್ತೈದು ನಿಮಿಷಕ್ಕೆ ಫೋನು ಬಂತು. ಸಿಕ್ಕಿದರು.

ಆದದ್ದು ಇಷ್ಟು. ನೀರಲ್ಲಿದ್ದ ಒಂದು ಪ್ಲಾಸ್ಟಿಕ್ ತೊಟ್ಟೆ ಇಂಜಿನ್ನಿನ ಬುಡಕ್ಕೆ ಸುತ್ತಿ ನೀರು ಎಳೆಯುವ ಬಾಯಿ ಮುಚ್ಚಿತ್ತು. ಇವರ ಕಣ್ಣೆಲ್ಲ ಗಾಳದ ಮೇಲೆ. ಬದಿಯ ನೀರು ಹಾರುವುದು ನಿಂತದ್ದು ಕಾಣಲಿಲ್ಲ. ಇಂಜಿನ್ ಕಾದು ನಿಂತಿತು. ಸೆಳೆತ ಎಳೆಯಲಿಕ್ಕೆ ಸುರು. ಲಂಗರು ಬಿಟ್ಟರೆ ಮೊದಲು ಜಾರಿತಂತೆ, ಹಗ್ಗ ಪೂರ್ತಿ ಬಿಟ್ಟ ಮೇಲೆ ಹಿಡೀತಂತೆ. ಲಂಗರಿನ ಹಗ್ಗ ನೀರಿನ ಆಳದ ಐದು ಪಾಲಾದರೂ ಇರಬೇಕು, ಅದನ್ನು ಉಳಿತಾಯ ಮಾಡಬೇಡಿ. ಅಳಿವೆ ಬಾಯಿಗೆ ಇನ್ನೇನು ಮುನ್ನೂರು ಮೀಟರು ಇತ್ತು ಅಂತ ಅಣ್ಣನ ಮಗ ಆಮೇಲೆ ಹೇಳಿದ. ಗಾಳಿ ಆಗಲೇ ಏಳ್ತಾ ಇತ್ತಂತೆ. ಇವರು ದಡಕ್ಕೆ ಬಂದವರು ಎರಡು ಕೆಂಬೇರಿ ಹಿಡಿದುಕೊಂಡು ನಿಂತರು, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ. ನಾನು ಒಂದು ಮಾತು ಆಡಲಿಲ್ಲ. ಮೀನು ಫ್ರಿಜ್ಜಿಗೆ ಹೋಯ್ತು, ಅವತ್ತು ಊಟಕ್ಕೆ ಗಂಜಿ, ಉಪ್ಪಿನಕಾಯಿ. ರಾತ್ರಿ ಮಲಗಿದ ಮೇಲೆ ಅವರೇ ಕೇಳಿದರು, "ದೋಣಿ ಕೊಟ್ಟ್ ಬಿಡುದಾ?"

ಸುಲಭದ ಉತ್ತರ ಹೂಂ ಅಂಬ್ದೇ. ಮಗನೂ ಬೆಂಗಳೂರಿನಿಂದ ಅದನ್ನೇ ಹೇಳಿದ, ಈ ಪ್ರಾಯದಲ್ಲಿ ಎಂತಕ್ಕೆ ಅಂತ. ಎರಡು ದಿನ ಆಲೋಚನೆ ಮಾಡಿದೆ. ಟಿವಿ ಮುಂದಿನ ಆ ಮೂರು ತಿಂಗಳು ನೆನಪಾಯ್ತು. ದೋಣಿ ಬಂದ ಮೇಲೆ ಇವರು ಬೇಗ ಮಲಗಿ ಬೇಗ ಏಳ್ತಾರೆ, ಬಿಪಿ ಹತೋಟಿಗೆ ಬಂದಿದೆ. ಬಂದರಿನ ಹುಡುಗರಿಗೆ ಬ್ಯಾಂಕಿನ ಫಾರಂ ತುಂಬಿಕೊಡ್ತಾರೆ, ಅವರು ಇವರಿಗೆ ಗಂಟು ಹಾಕುವುದು ಕಲಿಸ್ತಾರೆ. ಸಣ್ಣ ಮೀನು ಸಿಕ್ಕರೆ ವಾಪಸು ನೀರಿಗೆ ಬಿಡ್ತಾರೆ, ಅದನ್ನು ಮೊಮ್ಮಗನಿಗೂ ಕಲಿಸಿದ್ದಾರೆ. ಅದೆಲ್ಲ ಮಾರಿದರೆ ಮತ್ತೆ ಸಾಸಿವೆ ಲೆಕ್ಕ. ದೋಣಿ ಉಳಿಯಲಿ, ಒಬ್ಬರೇ ಹೋಗುವುದು ಮಾತ್ರ ಬಂದ್ ಅಂದೆ. "ಹಾಂಗಾರೆ ಜೊತಿಗ್ ಯಾರ್ ಬತ್ರ್?" ಅಂದರು. ನಾನು ಬತ್ತೆ ಅಂದೆ.

ನಗಬೇಡಿ. ಕಡಲಿಗೆ ಹೋಗುವ ಮನೆಯಲ್ಲೇ ಹುಟ್ಟಿ, ಅಂಥದ್ದೇ ಮನೆಗೆ ಬಂದು, ಐವತ್ತೆಂಟನೇ ವರ್ಷದವರೆಗೆ ನಾನು ಮೀನಿನ ದೋಣಿ ಹತ್ತಿದವಳಲ್ಲ. ನಮ್ಮ ಹೆಂಗಸರ ಪಾಲಿಗೆ ಬಂದದ್ದು ದಡ, ಬುಟ್ಟಿ, ಕಾಯುವುದು. ಮೊದಲ ದಿನ ನೈಟಿ ಬಿಟ್ಟು ಚೂಡಿದಾರ ಹಾಕಿ, ಲೈಫ್ ಜಾಕೆಟ್ ಬಿಗಿದು ಕೂತರೆ ಹೊಟ್ಟೆಯೊಳಗೆ ನಡುಕ. ಹೊಳೆ ನಡುವಿಗೆ ಹೋಗಿ ತಿರುಗಿ ನೋಡಿದೆ. ನಮ್ಮ ಮನೆ, ನಮ್ಮ ತೆಂಗು, ಒಗೆದು ಹಾಕಿದ ನನ್ನದೇ ಸೀರೆ, ಎಲ್ಲ ನೀರಿನ ಕಡೆಯಿಂದ ಕಂಡಿತು. ಅಪ್ಪಯ್ಯನಿಗೆ ದಿನಾ ಹೀಗೆ ಕಾಣುತ್ತಿತ್ತಾ ಅಂತ ಅನ್ನಿಸಿತು. ಈಗ ಇವರು ಗಾಳ ನೋಡಿದರೆ ನಾನು ಇಂಜಿನ್ನಿನ ಬದಿಯ ನೀರು ನೋಡ್ತೇನೆ. ನನ್ನ ಗಾಳಕ್ಕೂ ಕಾಣೆ ಬಿದ್ದಿದೆ, ಇವರದ್ದಕ್ಕಿಂತ ದೊಡ್ಡದು, ಅವರನ್ನೇ ಕೇಳಿ.

ಅಬ್ಬಿಗೆ ಈಗ ಎಂಬತ್ತನಾಲ್ಕು. ಹೋದ ಚೌತಿಗೆ ಬಂದಾಗ ಅಡುಗೆಮನೆ ಬಾಗಿಲಲ್ಲಿ ನೇತಾಡುವ ಬೂಚು ನೋಡಿ 'ಇದೆಂತ' ಅಂತ ಕೇಳಿದಳು. ಎಲ್ಲ ವಿವರಿಸಿ ಹಾಳೆ ಓದಿ ಹೇಳಿದೆ. ಎಲ್ಲಿಗೆ, ಯಾವ ಬದಿ, ಎಷ್ಟು ಗಂಟೆಗೆ. ಶಕುನದ ಮಾತು ಎತ್ತಿ ಬೈತಾಳೆ ಅಂತ ಕಾದೆ. ಅವಳು ಹಾಳೆಯ ಮೇಲೆ ಕೈಯಾಡಿಸಿ, ಸುಮಾರು ಹೊತ್ತು ಬಿಟ್ಟು, "ನಾವ್ ಕೇಂತಿರ್ಲಿಲ್ಲ. ಕೇಣ್ಕಿತ್ತ್" ಅಂದಳು. ಅಷ್ಟೇ.

ಆದ್ದರಿಂದ ತಂಗಿ, ನನ್ನ ಉತ್ತರ ಇದು. ತಿಂಗಳಿಗೆ ಮೂರು ನಾಲ್ಕು ಸಾವಿರ ಮನೆ ತಡೆಯುವುದಾದರೆ, ಸಿಹಿನೀರು ಇರುವುದಾದರೆ, ದೋಣಿ ಎಳೆಯಲಿಕ್ಕೆ ಎಂಟು ಜನ ಊರಲ್ಲಿ ಸಿಗುವುದಾದರೆ ಹೂಂ ಅನ್ನು. ಮೊದಲ ವರ್ಷ ಹೊಳೆಯೊಳಗೇ ಇರಲಿ, ಕಡಲು ಎಲ್ಲೂ ಓಡಿಹೋಗುವುದಿಲ್ಲ. ಭಾವನಿಗೆ ಈಜು ಬಂದರೂ ಲೈಫ್ ಜಾಕೆಟ್ ಬಿಡಿಸಬೇಡ. ಬೂಚು ನಿನ್ನ ಕೈಯಲ್ಲಿರಲಿ. ಹೊರಡುವಾಗ "ಎಲ್ಲಿಗೆ" ಅಂತ ಬಾಯ್ತುಂಬ ಕೇಳು, ಅವರು ಕೊಡುವ ಉತ್ತರ ಅರ್ಥವಾಗುವಷ್ಟು ಭರತ ಇಳಿತ ಕಲಿ. ಆಗುವುದಾದರೆ ತಿಂಗಳಿಗೊಮ್ಮೆ ನೀನೂ ಹತ್ತು.

ಉಳಿದವರಿಗೆಲ್ಲ ಒಂದು ಮಾತು. ಜನವರಿಯಲ್ಲಿ ಹೊಳೆ ಕನ್ನಡಿ ಹಾಗೆ ಇರ್ತದೆ. ಬರುವವರು ಹಿಂದಿನ ದಿನ ಫೋನ್ ಮಾಡಿ, ಭರತ ಎಷ್ಟು ಗಂಟೆಗೆ ಅಂತ ನೋಡಿ ಹೇಳ್ತೆ. ಮೀನು ಬಿದ್ದರೆ ಕಾಣೆ ರವೆ ಫ್ರೈ, ಬೀಳದಿದ್ದರೆ ಪೇಟೆಯ ಬಂಗುಡೆ ಗಸಿ. ಊಟ ಮಾತ್ರ ಗ್ಯಾರಂಟಿ.